ದೊಡ್ಡವರು ಯಾರೂ ಇರದಿದ್ದ ಮನೆಗಳು

ಹಳೆ ಬಂಗಲೆಯೊಂದನ್ನು ಒಡೆಯುತ್ತಾರೆ ಅಂತ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅಲ್ಲಿ ಯಾರಿದ್ದರು? ಸಾಹಿತಿಯೋ ವಿಜ್ಞಾನಿಯೋ ಇದ್ದ ಮನೆಯಾದರೆ ನಾಲ್ಕು ಜನ ಸೇರುತ್ತಾರೆ, ಪೇಪರ್‌ನಲ್ಲೂ ಬರುತ್ತದೆ. ಮಲ್ಲೇಶ್ವರದಲ್ಲಿ ಸರ್ ಸಿ.ವಿ. ರಾಮನ್ ಇದ್ದ ‘ಪಂಚವಟಿ’ ಉಳಿದಿದೆ, ತುಂಬಾ ಸಂತೋಷ. ಆದರೆ ಅದೇ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಯಾರೋ ಗುಮಾಸ್ತರು, ಯಾರೋ ಮೇಷ್ಟ್ರು ಸಾಲ ಮಾಡಿ ಕಟ್ಟಿಸಿದ ಇಟ್ಟಿಗೆ ಮನೆ ಹೋದರೆ ಕೇಳುವವರಿಲ್ಲ. ನನಗೆ ಸಂಕಟ ಆಗುವುದು ಆ ಮನೆಗಳ ಬಗ್ಗೆ.

ಯಾಕೆ ಅಂದರೆ ಈ ಊರಿನ ಒಂದು ದೊಡ್ಡ ಕಥೆ ಇರುವುದೇ ಅವುಗಳಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು, ಗಾಳಿ ಬೆಳಕು ಕಡಿಮೆ. ಜನ ಮಲ್ಲೇಶ್ವರಕ್ಕೆ, ಬಸವನಗುಡಿಗೆ ಹೋಗಿ ನೆಲೆಸತೊಡಗಿದ್ದು ಆ ಭಯದಲ್ಲಿ. ಕಂಟೋನ್ಮೆಂಟ್ ಕಡೆ 1906ರಲ್ಲಿ ಶುರುವಾದ ಫ್ರೇಜರ್ ಟೌನ್ ಹಿಂದೆ ಇದ್ದದ್ದೂ ಅದೇ ಭಯ. ನಾಲ್ಕೂ ಕಡೆ ಜಾಗ ಬಿಟ್ಟು ನಡುವೆ ಮನೆ, ಎತ್ತರದ ಚಾವಣಿ, ಬಿಸಿಗಾಳಿ ಹೊರಗೆ ಹೋಗಲು ಗೋಡೆಯ ಮೇಲೆ ಕಿಂಡಿ, ಹಿಂದೆ ಕನ್ಸರ್ವೆನ್ಸಿ ಲೇನ್, ಅಂದರೆ ಕಸ, ಮಲ ಸಾಗಿಸಲು ಬಿಟ್ಟ ಓಣಿ. ಇವತ್ತು ನಾವು ‘ಎಷ್ಟು ಚೆಂದ’ ಅಂತ ಫೋಟೋ ತೆಗೆಯುವ ಎಷ್ಟೋ ವಿಷಯ ಆಗ ಪ್ರಾಣ ಉಳಿಸಿಕೊಳ್ಳಲು ಮಾಡಿದ್ದು.

ಇನ್ನು ಕಟ್ಟಿದ ರೀತಿ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ಒಂದಡಿಗಿಂತ ದಪ್ಪ ಗೋಡೆ. ಎತ್ತು ಕಟ್ಟಿ ಗಾಣದಲ್ಲಿ ಅರೆಸಿದ ಗಾರೆ ಅದು. ಸಿಮೆಂಟಿನಷ್ಟು ಗಟ್ಟಿ ಅಲ್ಲ, ಅದೇ ಅದರ ಗುಣ. ಗೋಡೆ ಸ್ವಲ್ಪ ಅಲುಗಿದರೂ ಗಾರೆ ಹೊಂದಿಕೊಳ್ಳುತ್ತದೆ, ಸಣ್ಣ ಬಿರುಕು ಕಾಲಕ್ರಮೇಣ ತಾನೇ ಮುಚ್ಚಿಕೊಳ್ಳುತ್ತದೆ, ಮಳೆಗಾಲದಲ್ಲಿ ಒಳಗೆ ಹೋದ ತೇವ ಬೇಸಿಗೆಯಲ್ಲಿ ಹೊರಗೆ ಬರುತ್ತದೆ. ಕೆಲವು ಮನೆಗೆ ಮಂಗಳೂರು ಹೆಂಚು, 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿ ಮಾಡತೊಡಗಿದ್ದು. ಕೆಲವಕ್ಕೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ, ನಿಲ್ಲಿಸಿ ಜೋಡಿಸಿ, ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣ ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೀರು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ಆ ಬಡಿತದ ಹದ ಗೊತ್ತಿರುವ ಕೈ ಈಗ ಎಷ್ಟು ಉಳಿದಿವೆ? ತಾರಸಿ ಉಳಿದರೆ ಕನಿಷ್ಠ ನೋಡಿ ಕಲಿಯಬಹುದು. ಕಿಟಕಿ, ವರಾಂಡದ ಮೇಲೆ ಮೂತಿ ಚಾಚಿಕೊಂಡಿರುವ ಮಂಕಿ ಟಾಪ್, ಅಂದರೆ ಮರದ ಚೂಪು ಮುಚ್ಚಿಗೆ, ಎಲ್ಲರ ಕಣ್ಣಿಗೆ ಬೀಳುತ್ತದೆ, ಫೋಟೋದಲ್ಲಿ ಅದೇ ಇರುತ್ತದೆ. ನಾನು ಮೊದಲು ನೋಡುವುದು ಗೋಡೆಯನ್ನು.

ಇಂಥ ಮನೆ ಹಾಳಾಗುವುದು ವಯಸ್ಸಿನಿಂದ ಅನ್ನುವುದು ಎಷ್ಟೋ ಸಲ ಸುಳ್ಳು. ರಿಪೇರಿಯಿಂದ ಹಾಳಾಗುತ್ತದೆ. ಗೋಡೆ ಸ್ವಲ್ಪ ಉದುರಿತು ಅಂತ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿಸುತ್ತಾರೆ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ತೇವ ಹೊರಗೆ ಬರಲು ದಾರಿ ಇಲ್ಲ, ಒಳಗೇ ಕೂತು ಇಟ್ಟಿಗೆಯನ್ನು ತಿನ್ನುತ್ತದೆ. ಆಮೇಲೆ ‘ಮನೆ ಶಿಥಿಲ ಆಗಿದೆ, ಒಡೆಯಲೇಬೇಕು’ ಅನ್ನುತ್ತಾರೆ. ಒಡೆದ ಮೇಲೂ ನೋಡಿ, ಸುಣ್ಣದ ಗಾರೆಯ ಇಟ್ಟಿಗೆ ಇಡಿಯಾಗಿ ಬಿಡಿಸಿ ಬರುತ್ತದೆ, ಇನ್ನೊಂದು ಮನೆ ಕಟ್ಟಬಹುದು. ಸಿಮೆಂಟ್ ಗೋಡೆ ಒಡೆದರೆ ಬರೀ ಡೆಬ್ರಿಸ್.

ಮನೆಯವರನ್ನು ಬೈಯಲು ನನಗೆ ಮನಸ್ಸಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರ ಪಾಲು, ಸೈಟಿನ ಬೆಲೆ ಕೋಟಿಗಟ್ಟಲೆ, ಕಟ್ಟಡಕ್ಕೆ ಲೆಕ್ಕದಲ್ಲಿ ಬಿಡಿಗಾಸೂ ಇಲ್ಲ. ಸಾಲದ್ದಕ್ಕೆ ಹೆಂಚು ಬದಲಿಸುವವರೂ ಸಿಗುವುದಿಲ್ಲ. ವಯಸ್ಸಾದ ಅಮ್ಮ ಒಬ್ಬರೇ ಅಷ್ಟು ದೊಡ್ಡ ಮನೆಯಲ್ಲಿದ್ದರೆ ಮಕ್ಕಳು ಬಿಲ್ಡರ್ ಮಾತು ಕೇಳುವುದು ಸಹಜ ಅಲ್ವಾ? ಅವರಿಂದ ಸುಮ್ನೆ ತ್ಯಾಗ ಕೇಳಬಾರದು. ಉಳಿಸಿಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ಗಟ್ಟಿ ರಿಯಾಯಿತಿ ಕೊಡಬೇಕು. ಆ ಸೈಟಿನಲ್ಲಿ ಎತ್ತರ ಕಟ್ಟುವ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ನ್ಯಾಯವಾದ ಬೆಲೆಗೆ ಮಾರಲು ಬಿಡಬೇಕು, ಅದೂ ವರ್ಷಗಟ್ಟಲೆ ಅಲೆಸದೆ. ಹಳೆ ಮನೆಯನ್ನು ಬೀಗ ಹಾಕಿದ ಸ್ಮಾರಕ ಮಾಡುವುದೂ ಬೇಡ. ಕ್ಲಿನಿಕ್ ಆಗಲಿ, ಮಕ್ಕಳ ಲೈಬ್ರರಿ ಆಗಲಿ, ಹೋಟೆಲ್ ಆಗಲಿ, ಗೋಡೆ ತಾರಸಿ ಉಳಿದರೆ ಸಾಕು.

ನಿಮ್ಮ ಅಜ್ಜಿಮನೆ ಹೀಗೇ ಇದ್ದರೆ ಒಂದು ಕೆಲಸ ಮಾಡಿ. ಮುಂದಿನ ಸಲ ಗೋಡೆ ಉದುರಿದಾಗ ಸಿಮೆಂಟ್ ಚೀಲ ತರಿಸುವ ಮೊದಲು ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ. ಹುಡುಕುವುದಕ್ಕೆ ಟೈಮ್ ಜಾಸ್ತಿ ಬೇಕು, ಕೂಲಿಯೂ ಜಾಸ್ತಿ. ಒಡೆಯುವುದೇ ಅಂತ ತೀರ್ಮಾನ ಆಗಿಬಿಟ್ಟಿದ್ದರೆ, ಒಂದು ಟೇಪ್ ಹಿಡಿದು ಕೋಣೆ ಕೋಣೆ ಅಳತೆ ತೆಗೆದು ನಕ್ಷೆ ಬರೆದಿಡಿ, ತಾರಸಿಯ ಕೆಳಗಿನ ಫೋಟೋ ತೆಗೆಯಿರಿ. ಮುಂಬಾಗಿಲ ಫೋಟೋ ಎಲ್ಲರ ಹತ್ತಿರ ಇರುತ್ತದೆ, ತಾರಸಿಯದು ಯಾರ ಹತ್ತಿರವೂ ಇರುವುದಿಲ್ಲ.