ರೂಟರ್ ಕಿತ್ತುಕೊಂಡು ಹೋದವಳು

ಮುಶೋಕು ಟೆನ್ಸೇ ಅನ್ನೋ ಆನಿಮೆಯ, ಅಂದರೆ ಜಪಾನಿನ ಕಾರ್ಟೂನ್ ಸರಣಿಯ, ಮೊದಲ ಎಪಿಸೋಡ್ ಇನ್ನೂ ಮುಗಿದಿರಲಿಲ್ಲ. ತಮ್ಮ ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿದ. ಆನಿಮೆಯಲ್ಲಿ ಹೀರೋನ ಹಿಂದಿನ ಜನ್ಮವನ್ನು ಬೇಗ ದಾಟಿಸಿಬಿಡುತ್ತಾರಂತೆ. ಮೂಲ ಕಾದಂಬರಿಯಲ್ಲಿ ಜಾಸ್ತಿ ಇದೆಯಂತೆ. ಅದನ್ನು ಓದಿದ್ದ ಅವನು ನನಗೆ ಬಿಡಿಸಿ ಹೇಳಿದ.

"34 ವರ್ಷದವನು ಅಕ್ಕ. ಕೆಲಸ ಇಲ್ಲ. ವರ್ಷಗಟ್ಟಲೆ ರೂಮು ಬಿಟ್ಟು ಹೊರಗೆ ಬಂದಿಲ್ಲ. ಅಪ್ಪ ಅಮ್ಮ ಸತ್ತರೂ ಅವರ ಕಾರ್ಯಕ್ಕೆ ಹೋಗಲ್ಲ. ಆಮೇಲೆ ಒಡಹುಟ್ಟಿದವರು ಬಾಗಿಲು ಒಡೆದು ಒಳಗೆ ನುಗ್ಗಿ, ಕಂಪ್ಯೂಟರ್ ಪುಡಿಪುಡಿ ಮಾಡಿ, ಹೊರಗೆ ಹಾಕ್ತಾರೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ತಿರುಗದೇ, "ರೂಟರ್ ಥರ," ಅಂದ. ಮತ್ತೆ ಪ್ಲೇ ಮಾಡಿದ.

ಅದು 2023ರ ಜುಲೈ, ಎರಡನೇ ಶನಿವಾರ. ಹಾಸನದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ನಾನು ಬೆಂಗಳೂರಿನಿಂದ ಎರಡು ದಿನಕ್ಕೆ ಬಂದಿದ್ದೆ. ತಮ್ಮ ಕೆಲಸ ಹೋಗಿ ಮನೆಗೆ ಬಂದು ವರ್ಷದ ಹತ್ತಿರವಾಗಿತ್ತು. ಕಂಪನಿಯವರು ಒಂದು ಮಧ್ಯಾಹ್ನ ಮೀಟಿಂಗ್ ಕರೆದು ಹನ್ನೊಂದು ಜನರನ್ನು ಒಟ್ಟಿಗೇ ಮನೆಗೆ ಕಳಿಸಿದ್ದರು. ಮೊದಲ ತಿಂಗಳು ಅರ್ಜಿ ಹಾಕಿದ. ಎರಡನೇ ತಿಂಗಳು ಗಡ್ಡ ಬಿಟ್ಟ. ಆಮೇಲೆ ಹಗಲು ಹೊತ್ತು ಗೇಟಿನಾಚೆ ಕಾಲಿಡುವುದನ್ನೇ ಬಿಟ್ಟ. ಎದುರು ಮನೆಯವರು "ಏನಪ್ಪಾ, ವರ್ಕ್ ಫ್ರಮ್ ಹೋಮಾ?" ಅಂತ ಕೇಳುತ್ತಾರೆ ಅನ್ನೋದು ಕಾರಣ. ನಿಜವಾಗಿ ಕೇಳಿದ್ದು ಒಂದೇ ಸಲ.

ರೂಟರ್ ವಿಷಯ ಹೇಳಿಬಿಡುತ್ತೇನೆ. ಅದಕ್ಕೂ ಏಳು ತಿಂಗಳ ಹಿಂದೆ ನಾನು ಊರಿಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಅವನು ರಾತ್ರಿಯೆಲ್ಲ ಏನೋ ನೋಡುತ್ತಾನೆ, ಹಗಲೆಲ್ಲ ಮಲಗುತ್ತಾನೆ, ಊಟದ ತಟ್ಟೆ ಬಾಗಿಲ ಹತ್ತಿರ ಇಡಬೇಕು ಅಂತ. ನನಗೆ ತಲೆ ಕೆಟ್ಟುಹೋಯಿತು. ಅವನ ಬಾಗಿಲ ಮುಂದೆ ನಿಂತು ಹದಿನೈದು ನಿಮಿಷ ಬೈದೆ. ಬಾಗಿಲು ತೆಗೆಯಲಿಲ್ಲ. ಹಾಲಿನ ಮೂಲೆಯಲ್ಲಿದ್ದ ವೈಫೈ ರೂಟರನ್ನು ಕಿತ್ತು, ಬ್ಯಾಗಿಗೆ ತುರುಕಿ, ಬೆಂಗಳೂರು ಬಸ್ ಹತ್ತಿದೆ. ಚನ್ನರಾಯಪಟ್ಟಣ ದಾಟುವಾಗ ಬ್ಯಾಗಿನಲ್ಲಿ ಅದರ ಆಂಟೆನಾ ಪಕ್ಕೆಗೆ ಚುಚ್ಚುತ್ತಿತ್ತು. ದೊಡ್ಡ ಕೆಲಸ ಮಾಡಿದೆ ಅಂತ ಅನ್ನಿಸಿತ್ತು. ಅಡಾಪ್ಟರ್ ಮಾತ್ರ ಅಲ್ಲೇ ಸ್ವಿಚ್ ಬೋರ್ಡಿನಲ್ಲಿ ಬಿಟ್ಟು ಬಂದಿದ್ದೆ. ಮೂರನೇ ದಿನ ಅಪ್ಪ ಯಾರಿಗೂ ಹೇಳದೆ ಹೊಸ ರೂಟರ್ ಹಾಕಿಸಿದರು. ನನಗಂತೂ ಹೇಳಲೇ ಇಲ್ಲ.

ಹಾಗಾಗಿ ಈ ಸಲ ತಮ್ಮನೇ "ಅಕ್ಕ, ನಂಜೊತೆ ಒಂದು ನೋಡ್ತೀಯಾ?" ಅಂತ ಕೇಳಿದಾಗ ಬೇಡ ಅನ್ನಲು ಬಾಯಿ ಬರಲಿಲ್ಲ. ಎರಡನೇ ಸೀಸನ್ ಆ ವಾರವೇ ಶುರುವಾಗಿತ್ತು. ಅದಕ್ಕೂ ಮೊದಲು ನಾನು ಮೊದಲ ಸೀಸನ್ನಿನ 23 ಎಪಿಸೋಡುಗಳನ್ನೂ ನೋಡಬೇಕು ಅನ್ನೋದು ಅವನ ಹಟ.

ಸರಣಿಯ ಹೆಸರಿನಲ್ಲಿ ಮುಶೋಕು ಅಂದರೆ ನಿರುದ್ಯೋಗಿ, ಟೆನ್ಸೇ ಅಂದರೆ ಪುನರ್ಜನ್ಮ. ಆ ಹೆಸರಿಗೆ ಒಂದು ಬಾಲವೂ ಇದೆ. ಬೇರೆ ಲೋಕಕ್ಕೆ ಹೋದರೆ ಮನಸ್ಸಿಟ್ಟು ಬದುಕುತ್ತೇನೆ ಅನ್ನೋ ಅರ್ಥದ್ದು. 2012ರಲ್ಲಿ ಜಪಾನಿನ ಒಂದು ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಕಥೆ ಹಾಕಬಹುದಾದ ಕಡೆ ಶುರುವಾಗಿ, 2015ರಲ್ಲಿ ಮುಗಿದ ಕಾದಂಬರಿ ಇದು. ಬರೆದವನ ಕಾವ್ಯನಾಮ ರಿಫುಜಿನ್ ನಾ ಮಾಗೊನೊಟೆ. ಹೆಚ್ಚುಕಮ್ಮಿ 'ತಲೆಬುಡವಿಲ್ಲದ ಬೆನ್ನು ಕೆರೆಯುವ ಕೋಲು' ಅಂತ ಅರ್ಥ. ನಗು ಬಂತು. ಆನಿಮೆ 2021ರ ಜನವರಿಯಲ್ಲಿ ಬಂತು. ಇದನ್ನು ಮಾಡಲೆಂದೇ ಸ್ಟುಡಿಯೋ ಬೈಂಡ್ ಅನ್ನೋ ಹೊಸ ಸ್ಟುಡಿಯೋ ಕಟ್ಟಿದರಂತೆ. ದುಡ್ಡು ಎಲ್ಲಿಗೆ ಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಗೋಧಿ ಹೊಲದ ಮೇಲೆ ಗಾಳಿ ಓಡುವುದನ್ನು ನೋಡಿ ನಾನು ಎರಡು ಸಲ ಅಬ್ಬಾ ಅಂದೆ.

ಕಥೆಗೆ ಬರುತ್ತೇನೆ. ಹೊರಗೆ ಬಿದ್ದ ಆ ಮನುಷ್ಯ ಲಾರಿಗೆ ಸಿಗುತ್ತಿದ್ದ ಹೈಸ್ಕೂಲ್ ಮಕ್ಕಳನ್ನು ಉಳಿಸಲು ಹೋಗಿ ತಾನೇ ಸಾಯುತ್ತಾನೆ. ಕಣ್ಣು ಬಿಟ್ಟರೆ ಮಂತ್ರ ಕತ್ತಿಗಳ ಲೋಕದಲ್ಲಿ ಹಸುಗೂಸು. ಹೆಸರು ರೂಡಿಯಸ್. ಹಿಂದಿನ ಜನ್ಮದ ನೆನಪೆಲ್ಲ ಹಾಗೇ ಇದೆ. ಹೊರಗೆ ಮಗುವಿನ ದನಿ, ಒಳಗೆ ಮಾತಾಡುವುದು ನಡುವಯಸ್ಸಿನ ಗಂಡಸಿನ ದನಿ. ಎರಡಕ್ಕೂ ಬೇರೆ ಬೇರೆ ಕಲಾವಿದರು. ಆ ಒಳದನಿ ಕೆಲವು ಕಡೆ ಎಷ್ಟು ಕೊಳಕು ಅಂದರೆ, ಎರಡನೇ ಎಪಿಸೋಡಿನ ಹೊತ್ತಿಗೇ ನಾನು "ಇವನು ಹೀರೋನಾ?" ಅಂತ ಎದ್ದು ಕೂತೆ. ಪಾಠ ಹೇಳಲು ಬಂದ ಹುಡುಗಿಯ ಒಳಚಡ್ಡಿಯನ್ನು ಕದ್ದು ದೇವರ ಸಾಮಾನಿನ ಹಾಗೆ ಇಟ್ಟುಕೊಳ್ಳುತ್ತಾನೆ. ಅದನ್ನು ತಮಾಷೆ ಅಂತ ತೋರಿಸುತ್ತಾರೆ.

"ಇದು ತಮಾಷೆನಾ?"

"ಅಲ್ಲ. ಅವನು ಕೆಟ್ಟವನೇ ಅಕ್ಕ. ಅದೇ ಪಾಯಿಂಟು."

"ಕೆಟ್ಟವನು ಅಂತ ಗೊತ್ತಿದ್ದರೆ ಹಿಂದೆ ಪೀಪಿ ಊದೋ ಮ್ಯೂಸಿಕ್ ಯಾಕೆ ಹಾಕಿದ್ದಾರೆ?"

ಇದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಇದರ ಬಗ್ಗೆ ಬೇರೆ ದೇಶಗಳಲ್ಲೂ ದೊಡ್ಡ ಜಗಳ ಆಗಿದೆ. ಹೀರೋಗೆ ದೋಷ ಇರಲಿ, ನನಗೇನೂ ತಕರಾರಿಲ್ಲ. ದೋಷಕ್ಕೆ ನಗೆಯ ಒಗ್ಗರಣೆ ಹಾಕಿ ಬಡಿಸಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಅಂಥ ದೃಶ್ಯ ಬಂದಾಗಲೆಲ್ಲ ತಮ್ಮ ತಾನೇ ಹತ್ತು ಸೆಕೆಂಡು ಮುಂದೆ ಓಡಿಸತೊಡಗಿದ. ಅಕ್ಕನ ಜೊತೆ ಕೂತು ನೋಡುವ ಮುಜುಗರಕ್ಕೂ ಇರಬಹುದು.

ಆದರೆ ಅದೇ ಎರಡನೇ ಎಪಿಸೋಡಿನಲ್ಲಿ ಇನ್ನೊಂದು ದೃಶ್ಯ ಇದೆ. ಗುರುವಿನ ಹೆಸರು ರಾಕ್ಸಿ. ನೀಲಿ ಕೂದಲಿನ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಾಳೆ, ಜಾತಿಯಲ್ಲಿ ಮಿಗುರ್ಡ್ ಅನ್ನೋ ಕುಲದವಳು. ಕೊನೆಯ ಪರೀಕ್ಷೆ ಊರಾಚೆ ಬಯಲಿನಲ್ಲಿ, ಕುದುರೆ ಹತ್ತು ಅನ್ನುತ್ತಾಳೆ. ರೂಡಿಯಸ್‌ಗೆ ಕಾಲು ಬರುವುದಿಲ್ಲ. ಹುಟ್ಟಿದಾಗಿನಿಂದ ಅವನು ಮನೆಯ ಅಂಗಳ ದಾಟಿಲ್ಲ. ಹಿಂದಿನ ಜನ್ಮದಲ್ಲಿ ಶಾಲೆಯಲ್ಲಿ ಅವನಿಗೆ ಮಾಡಿದ ಅವಮಾನ, ಆ ನಗು, ಎಲ್ಲ ಗೇಟಿನ ಹತ್ತಿರ ಬಂದು ನಿಲ್ಲುತ್ತವೆ. ಕೈ ನಡುಗುತ್ತದೆ. ರಾಕ್ಸಿಗೆ ಇದ್ಯಾವುದೂ ಗೊತ್ತಿಲ್ಲ. ಬಾ ಅಂತ ಎತ್ತಿ ಕುದುರೆ ಮೇಲೆ ಕೂರಿಸಿಕೊಂಡು ಹೊರಟೇಬಿಡುತ್ತಾಳೆ. ದಾರಿಯಲ್ಲಿ ಊರಿನವರು ಅವಳಿಗೆ ನಮಸ್ಕಾರ ಹೇಳುತ್ತಾರೆ. ಯಾರೂ ಇವನನ್ನು ನೋಡಿ ನಗುವುದಿಲ್ಲ. ಕುದುರೆಯ ಹೆಸರು ಕ್ಯಾರವಾಜಿಯೋ. ಆಮೇಲೆ ಬಯಲಿನಲ್ಲಿ ರಾಕ್ಸಿ ದೊಡ್ಡ ಮಳೆಮಂತ್ರ ಹಾಕುವಾಗ ಪಾಪ ಅದಕ್ಕೇ ಸಿಡಿಲು ಹೊಡೆದು, ಓಡಿಹೋಗಿ ಮದ್ದಿನ ಮಂತ್ರ ಹಾಕಿ ಬದುಕಿಸುತ್ತಾಳೆ.

ನಾನು ಪಕ್ಕಕ್ಕೆ ನೋಡಲಿಲ್ಲ. ತಮ್ಮ ಮೊಣಕಾಲು ಅಪ್ಪಿ ಕೂತಿದ್ದ ಅಂತ ಮಾತ್ರ ಗೊತ್ತಿತ್ತು. ಏಳು ತಿಂಗಳಲ್ಲಿ ನಾನು ಅವನಿಗೆ ಮೂರು ಕೌನ್ಸೆಲರ್‌ಗಳ ನಂಬರ್ ಕಳಿಸಿದ್ದೆ, ರೆಸ್ಯೂಮೆ ತಿದ್ದಿ ಕಳಿಸಿದ್ದೆ, ಬೆಳಿಗ್ಗೆ ಬೇಗ ಏಳುವವರ ವಿಡಿಯೋ ಕಳಿಸಿದ್ದೆ. ಬಾರೋ, ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತರೋಣ ಅಂತ ಒಂದು ದಿನವೂ ಕರೆದಿರಲಿಲ್ಲ.

ಸಂಜೆ ಅಪ್ಪ ಬಾಗಿಲಲ್ಲಿ ನಿಂತು ಎರಡು ಲೋಟ ಕಾಫಿ ಕೊಟ್ಟು, ಪರದೆಯ ಮೇಲೆ ಕತ್ತಿ ಬೀಸುತ್ತಿದ್ದ ರೂಡಿಯಸ್‌ನ ಶಿಷ್ಯೆ, ಕೆಂಪು ಕೂದಲಿನ ಎರಿಸ್‌ಳನ್ನು ಒಂದು ಕ್ಷಣ ನೋಡಿ, "ಈ ಹುಡುಗಿಗೆ ಯಾಕೆ ಇಷ್ಟು ಕೋಪ?" ಅಂತ ಕೇಳಿ ಹೋದರು.

ರಾತ್ರಿ ತಮ್ಮ ಮಲಗಿದ ಮೇಲೆ ನಾನು ಮೊಬೈಲಿನಲ್ಲಿ ಹುಡುಕಿದೆ. ಜಪಾನಿನಲ್ಲಿ ಹೀಗೆ ಮನೆಯೊಳಗೇ ಉಳಿದವರನ್ನು ಹಿಕಿಕೊಮೊರಿ ಅನ್ನುತ್ತಾರೆ. ಆರು ತಿಂಗಳಿಗಿಂತ ಹೆಚ್ಚು ಹಾಗಿದ್ದರೆ ಆ ಲೆಕ್ಕಕ್ಕೆ ಬರುತ್ತಾರೆ. 2023ರ ಮಾರ್ಚಿನಲ್ಲಿ ಅಲ್ಲಿನ ಸರ್ಕಾರ ಹೊರಗೆ ಬಿಟ್ಟ ಸಮೀಕ್ಷೆಯ ಅಂದಾಜು, 15ರಿಂದ 64 ವಯಸ್ಸಿನವರಲ್ಲಿ ಸುಮಾರು 14.6 ಲಕ್ಷ ಜನ. ಅಲ್ಲಿ '8050' ಅಂತಲೂ ಒಂದು ಮಾತಿದೆ. 80 ದಾಟಿದ ಅಪ್ಪ ಅಮ್ಮ, ಅವರ ಪಿಂಚಣಿಯಲ್ಲಿ ಬದುಕುವ 50ರ ಮಗ. ನಾನು ಲೆಕ್ಕ ಹಾಕಿದೆ. ಅಪ್ಪನಿಗೆ 63, ತಮ್ಮನಿಗೆ 27. ಲೆಕ್ಕ ನಿಲ್ಲಿಸಿ ಮೊಬೈಲ್ ಮಗುಚಿ ಇಟ್ಟೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಮತ್ತೆ ಕೂತೆವು. ಅಷ್ಟರಲ್ಲಿ ಕಥೆಯಲ್ಲಿ ಅನಾಹುತ ಆಗಿತ್ತು. ಒಂದು ಇಡೀ ಪ್ರದೇಶದ ಜನರನ್ನು ಮಂತ್ರಶಕ್ತಿಯ ಸ್ಫೋಟ ಲೋಕದ ಮೂಲೆಮೂಲೆಗೆ ಎಸೆದಿತ್ತು. ರೂಡಿಯಸ್ ದೂರದ ಖಂಡದಿಂದ ಮನೆ ಕಡೆ ನಡೆದು ಬರುತ್ತಾ ಮಿಲಿಷಿಯನ್ ಅನ್ನೋ ಪಟ್ಟಣದಲ್ಲಿ ಅಪ್ಪ ಪಾಲ್‌ನನ್ನು ಕಾಣುತ್ತಾನೆ. ಪಾಲ್ ಕೂಡ ಒಳ್ಳೆಯವನೇನಲ್ಲ. ಹೆಂಡತಿ ಬಸುರಿಯಾಗಿದ್ದಾಗಲೇ ಮನೆಗೆಲಸದವಳನ್ನೂ ಬಸುರಿ ಮಾಡಿದ ಗಂಡಸು. ಈಗ ಕಳೆದುಹೋದವರನ್ನು ಹುಡುಕಿ ಹುಡುಕಿ, ಕುಡಿದು ಕುಡಿದು, ಮುಖ ಬತ್ತಿಹೋಗಿದೆ. ಮಗ ಬಂದು ತನ್ನ ಪ್ರಯಾಣದ ಕಥೆಯನ್ನು ಹಗುರವಾಗಿ ಹೇಳಿದ್ದೇ ತಡ, ನಾವಿಲ್ಲಿ ಸಾಯ್ತಿದ್ದರೆ ನೀನು ಆಟ ಆಡ್ತಾ ಬಂದೆಯಾ ಅಂತ ಹರಿಹಾಯುತ್ತಾನೆ. ಮಾತಿಗೆ ಮಾತು ಬೆಳೆದು ಮಗ ಅಪ್ಪನ ಎದೆಯ ಮೇಲೆ ಕೂತು ಗುದ್ದುತ್ತಾನೆ. ಆಗ ನಡುವೆ ಒಂದು ಪುಟ್ಟ ಹುಡುಗಿ ಬಂದು ಅಪ್ಪನಿಗೆ ಅಡ್ಡ ನಿಲ್ಲುತ್ತಾಳೆ. ಅವಳು ನೋರ್ನ್, ಅವನ ತಂಗಿ. ಅವಳ ಕಣ್ಣಿಗೆ ಇವನು ಯಾರೋ ದುಷ್ಟ.

ನನಗೆ ಅಲ್ಲಿ ಮಾತೇ ನಿಂತುಹೋಯಿತು. ಇಷ್ಟು ಹೊತ್ತು ಹೀರೋನಲ್ಲಿ ತಮ್ಮನನ್ನು ಹುಡುಕುತ್ತಿದ್ದೆ. ಬಾಗಿಲಾಚೆ ಇರುವವನ ಮಾತು ಕೇಳದೆ ಬೈದು ಹೋಗುವವರು ಈ ಕಥೆಯಲ್ಲಿ ಬೇರೆಯೇ ಇದ್ದಾರಲ್ಲ.

ಆಮೇಲೆ ರೂಡಿಯಸ್ ತಣ್ಣಗೆ ಯೋಚಿಸುತ್ತಾನೆ. ಈ ಅಪ್ಪನ ವಯಸ್ಸು, ತಾನು ಹಿಂದೆ ಸತ್ತಾಗಿನ ವಯಸ್ಸಿಗಿಂತ ಕಡಿಮೆ. ಇವನಿಗೂ ಅಪ್ಪನಾಗಿ ಇದು ಮೊದಲ ಸಲ. ಮರುದಿನ ಹೋಗಿ ಎದುರು ಕೂರುತ್ತಾನೆ. ಇಬ್ಬರೂ ಅಳುತ್ತಾರೆ.

"ಇದು ಚೆನ್ನಾಗಿದೆ," ಅಂದೆ. ನಿಜವಾಗಿಯೂ ಚೆನ್ನಾಗಿತ್ತು. ಆದರೆ ಏನೋ ಕೊರೆಯುತ್ತಿತ್ತು. "ಒಂದು ಹೇಳಲಾ? ಹೊಸ ಅಪ್ಪನ ಹತ್ತಿರ ರಾಜಿ ಆದ. ಹಳೆ ಅಪ್ಪ ಅಮ್ಮನ ಹತ್ತಿರ? ಅವರ ಕಾರ್ಯಕ್ಕೂ ಹೋಗದವನು. ಆ ಒಡಹುಟ್ಟಿದವರು? ಅವರಿಗೆ ಇವನು ಇವತ್ತಿಗೂ ಮನೆಯಿಂದ ಹಾಕಿದ ದರಿದ್ರದವನೇ. ಜನ್ಮ ಬದಲಾದರೆ ಸಾಲ ತೀರಿತಾ? ನಮ್ಮಜ್ಜಿ ಯಾವ ಜನ್ಮದ ಋಣವೋ ಅಂತಿದ್ದಳಲ್ಲ, ನಮ್ಮ ಕಡೆ ನೆನಪು ಹೋದರೂ ಋಣ ಹಿಂದೆ ಬರುತ್ತೆ. ಇಲ್ಲಿ ಉಲ್ಟಾ. ನೆನಪು ಪೂರ್ತಿ ಇದೆ, ಕೊಡಬೇಕಾದವರು ಮಾತ್ರ ಯಾರೂ ಸಿಗಲ್ಲ."

ತಮ್ಮ ಸ್ವಲ್ಪ ಹೊತ್ತು ಯೋಚಿಸಿದ. "ಅದಕ್ಕೇ ಅವನಿಗೆ ಸುಲಭ," ಅಂದ. "ಹೊಸಬರ ಮುಂದೆ ಒಳ್ಳೆಯವನಾಗೋದು. ಇದೇ ಮನೆ, ಇದೇ ಎದುರು ಮನೆ, ಇದೇ ಅಕ್ಕ ಇಟ್ಕೊಂಡು ಮಾಡು ಅಂದಿದ್ರೆ ಮೊದಲ ಎಪಿಸೋಡೇ ಮುಗೀತಿರಲಿಲ್ಲ."

ನಾನು ಕ್ಷಮಿಸು ಅನ್ನಬೇಕಿತ್ತು. ಅಂದಿದ್ದು, "ಚಟ್ನಿ ಮುಗಿದಿದೆ, ಮಧ್ಯಾಹ್ನಕ್ಕೆ ತೆಂಗಿನಕಾಯಿ ಬೇಕಂತೆ, ಬರ್ತೀಯಾ?"

ಗಡ್ಡ ಕೆರೆದುಕೊಂಡ. ಹೊರಗೆ ಮಳೆ ಇತ್ತು. ಛತ್ರಿ ಅಡ್ಡ ಹಿಡಿದರೆ ಮುಖ ಕಾಣಲ್ಲ ಅಂತ ಅವನಿಗೂ ಹೊಳೆದಿರಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ಬಂದ. ಗೇಟಿನ ಹತ್ತಿರ ಒಂದು ಗಳಿಗೆ ನಿಂತು, ಚಿಲಕ ತೆಗೆದ. ಎದುರು ಮನೆಯವರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ತಲೆ ಎತ್ತಲೂ ಇಲ್ಲ. ಅಂಗಡಿಯಲ್ಲಿ ತಮ್ಮ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ, ಚಿಕ್ಕವನಿದ್ದಾಗ ಅಪ್ಪ ಕಲಿಸಿದ ಹಾಗೆ. ಮೂರು ಬಿಟ್ಟು ನಾಲ್ಕನೆಯದನ್ನು ತಗೊಂಡ.

ಆಮೇಲೆ ಎಲ್ಲ ಸರಿಹೋಯಿತು ಅಂತೇನಿಲ್ಲ. ರೂಡಿಯಸ್ ಕೂಡ ಮೊದಲ ಸೀಸನ್ ಮುಗಿಯುವ ಹೊತ್ತಿಗೆ, ದಾರಿಯುದ್ದಕ್ಕೂ ಜೊತೆಗಿದ್ದ ಎರಿಸ್ ಬಿಟ್ಟುಹೋದಳು ಅಂತ ಮತ್ತೆ ಹಾಸಿಗೆ ಹಿಡಿಯುತ್ತಾನೆ. ಇಷ್ಟೆಲ್ಲ ಮಂತ್ರ ಕಲಿತವನು ಹಳೇ ಕೋಣೆಗೇ ವಾಪಸ್ ಬಂದ ಹಾಗೆ ಬೀಳುತ್ತಾನೆ. ನನಗೆ ಇಡೀ ಸೀಸನ್ನಿನಲ್ಲಿ ಅವನನ್ನು ಪೂರ್ತಿ ನಂಬಿಸಿದ್ದು ಅದೊಂದೇ. ತಮ್ಮನೂ ಆಗಸ್ಟಿನಲ್ಲಿ ಎರಡು ವಾರ ಬಾಗಿಲು ಹಾಕಿಕೊಂಡ. ಆ ಸಲ ನಾನು ನಂಬರ್ ಕಳಿಸಲಿಲ್ಲ. ಎರಡನೇ ಸೀಸನ್ ಎಲ್ಲಿಗೆ ಬಂತು ಅಂತ ಮೆಸೇಜ್ ಹಾಕಿದೆ. ಮೂರು ದಿನ ಬಿಟ್ಟು ಉತ್ತರ ಬಂತು.

ಗೌರಿ ಹಬ್ಬಕ್ಕೆ ಹೋದಾಗ ಬ್ಯಾಗಿನಲ್ಲಿ ಆ ಹಳೇ ರೂಟರ್ ಇತ್ತು. ತೆಗೆದು ಅವನ ಮಂಚದ ಮೇಲಿಟ್ಟೆ. ಏನು ಹೇಳಬೇಕು ಅಂತ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದು ಒಂದೂ ನೆನಪಾಗಲಿಲ್ಲ.

ತಮ್ಮ ಅದನ್ನು ತಿರುಗಿಸಿ ನೋಡಿದ. ಹಾಲಿಗೆ ಹೋಗಿ, ಒಂಬತ್ತು ತಿಂಗಳಿನಿಂದ ಸ್ವಿಚ್ ಬೋರ್ಡಿನಲ್ಲೇ ನೇತಾಡುತ್ತಿದ್ದ ಅಡಾಪ್ಟರ್ ಬಿಚ್ಚಿ ತಂದು ಚುಚ್ಚಿದ. ಹಸಿರು ದೀಪ ಮಿಣುಕಿತು.

"ಆನ್ ಆಗುತ್ತೆ," ಅಂದ. "ಹೊಸದು ಹಾಲಿನಿಂದ ನನ್ನ ರೂಮಿಗೆ ಸರಿಯಾಗಿ ಬರಲ್ಲ. ಇದನ್ನ ಇಲ್ಲಿ ಹಾಕ್ತೀನಿ. ಒಂದು ಕೇಬಲ್ ತರಬೇಕು, ಹತ್ತು ಮೀಟರ್ದು. ಅಂಗಡಿ ಇವತ್ತು ತೆಗೆದಿರುತ್ತಾ?"