ಮಳೆಯಲ್ಲಿ ರಸ್ತೆಗೆ ನೀರು

ತುಂತುರು ಮಳೆ ಬೀಳುತ್ತಿತ್ತು. ಅಗೆದು ಹರಡಿದ ಕೆಂಪು ಮಣ್ಣಿನ ಮೇಲೆ ಟ್ಯಾಂಕರ್ ಒಂದು ನಿಧಾನವಾಗಿ ಸಾಗುತ್ತ ನೀರು ಚಿಮುಕಿಸುತ್ತಿತ್ತು. ಅದರ ಚಾಲಕ ವೈಪರ್ ಹಾಕಿಕೊಂಡಿದ್ದ!

"ನೋಡಿದೆಯಾ? ಮೇಲಿನಿಂದ ದೇವರು ಹಾಕುತ್ತಿದ್ದಾನೆ, ಕೆಳಗಿನಿಂದ ಇವರು ಹಾಕುತ್ತಿದ್ದಾರೆ. ನನ್ನ ಪಿಂಚಣಿಯಲ್ಲಿ ಮುರಿದುಕೊಂಡ ತೆರಿಗೆ ಹೋಗುವುದೆಲ್ಲ ಇದಕ್ಕೇ" ಎಂದರು ಚಿಕ್ಕಪ್ಪ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಶಿವಮೊಗ್ಗ ಬಿಟ್ಟಾಗಿನಿಂದ ಅವರ ಬಾಯಿ ನಿಂತಿರಲಿಲ್ಲ. ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆ ಎಲ್ಲವೂ ಅವರ ಬೈಗುಳದ ನಡುವೆಯೇ ಹಿಂದೆ ಸರಿದಿದ್ದವು.

ಬೈಯಲು ಕಾರಣವೂ ಇತ್ತೆನ್ನಿ. ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಇದು. ಅರ್ಧ ಕಿಲೋಮೀಟರ್ ಕನ್ನಡಿಯಂಥ ಡಾಂಬರು, ಅದು ಮುಗಿದಲ್ಲಿ ಕೆಸರು, ಆಮೇಲೆ ಹಳೆಯ ಇಕ್ಕಟ್ಟು ರಸ್ತೆ, ಮತ್ತೆ ಇದ್ದಕ್ಕಿದ್ದಂತೆ ಹೊಸ ಡಾಂಬರು. ಒಂದು ಕಡೆ ಪೂರ್ತಿ ಮುಗಿದ ಸಣ್ಣ ಸೇತುವೆ ತಡೆಗೋಡೆ ಸಮೇತ ನಿಂತಿದೆ, ಆದರೆ ಅದಕ್ಕೆ ಹತ್ತಲು ಈ ಕಡೆಯಿಂದಲೂ ದಾರಿಯಿಲ್ಲ, ಆ ಕಡೆಯಿಂದಲೂ ಇಲ್ಲ. ನಾವೆಲ್ಲ ಅದರ ಪಕ್ಕದ ಹಳೆಯ ಮೋರಿಯ ಮೇಲೆ ಹಾರಿ ಬೀಳುತ್ತ ದಾಟಿದೆವು.

ಕೆಂಪು ಬಾವುಟ ಹಿಡಿದ ಹುಡುಗ ನಮ್ಮನ್ನು ತಡೆದ. ಮುಂದೆ ಉರುಳಿಸಿದ ಮರದ ದಿಮ್ಮಿಗಳನ್ನು ಲಾರಿಗೆ ಏರಿಸುತ್ತಿದ್ದರು, ಹೊತ್ತಾಗುತ್ತದೆ ಎಂದ. ಚಿಕ್ಕಪ್ಪ ಕೊಡೆ ಬಿಚ್ಚಿಕೊಂಡು ಇಳಿದೇಬಿಟ್ಟರು. ಜಗಳಕ್ಕೇ ಹೊರಟಿದ್ದಾರೆ ಎಂದು ನಾನೂ ಹಿಂದೆ ಓಡಿದೆ.

ರೋಲರ್ ಚಾಲಕ ಕುಷ್ಟಗಿ ಕಡೆಯವನು, ನಲವತ್ತರ ಆಸುಪಾಸಿನ ಮನುಷ್ಯ. ಚಿಕ್ಕಪ್ಪನ ವ್ಯಂಗ್ಯವನ್ನು ತಾಳ್ಮೆಯಿಂದ ಕೇಳಿಸಿಕೊಂಡು, "ಯಜಮಾನರೇ, ಒಣ ಹಿಟ್ಟನ್ನು ಬಡಿದರೆ ರೊಟ್ಟಿ ಆಗುತ್ತದೆಯೇ?" ಎಂದ. ಆಮೇಲೆ ಕೆಳಗಿಳಿದು ಬಂದು ಮಣ್ಣನ್ನು ಕಾಲಿನಿಂದ ಕೆದಕಿದ. ಮೇಲೆ ಬೆರಳಿನಷ್ಟು ಮಾತ್ರ ಒದ್ದೆ. ಒಳಗೆ ಪುಡಿಪುಡಿ ಮಣ್ಣು, ಬೆಳಗ್ಗೆ ಗುಡ್ಡದ ಒಡಲಿನಿಂದ ಅಗೆದು ತಂದದ್ದು. ಒಂದು ಗೇಣು ದಪ್ಪಕ್ಕೆ ಹರಡಿ, ನೀರು ಹಾಕಿ, ಗ್ರೇಡರ್‌ನಿಂದ ಕಲೆಸಿ, ಆಮೇಲೆ ರೋಲರ್ ಓಡಿಸಬೇಕು. ನೀರು ಕಡಿಮೆಯಾದರೆ ಕಣಗಳು ಒಂದಕ್ಕೊಂದು ಜಾರಿ ಕೂರುವುದಿಲ್ಲ, ಹೆಚ್ಚಾದರೆ ಮಣ್ಣು ರೋಲರ್ ಕೆಳಗೆ ಅಲುಗಾಡುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಈ ತುಂತುರನ್ನು ನಂಬಿಕೊಂಡರೆ ಕೆಲಸ ಕೆಟ್ಟಿತು ಎಂದೇ ಅವನ ಅಭಿಪ್ರಾಯ.

"ಜೋರು ಮಳೆ ಬಂದರೆ?"

"ಬಿಟ್ಟು ಕೂರುವುದು. ಕೆಸರಾದದ್ದನ್ನು ಕಿತ್ತು, ಒಣಗಿಸಿ, ಮತ್ತೆ ಹರಡುವುದು. ನಿನ್ನೆ ಮಾಡಿದ್ದನ್ನು ಇವತ್ತು ಕೀಳುತ್ತಾರೆ ಎಂದು ಬಸ್ಸಿನವರು ನಗುತ್ತಾರೆ. ನಗಲಿ ಬಿಡಿ."

ಅಷ್ಟರಲ್ಲಿ ಚಿಕ್ಕಪ್ಪನ ಕಣ್ಣು ಇನ್ನೊಂದು ಕಡೆ ಹೋಗಿತ್ತು. ರೋಲರ್ ಓಡಿ ಗಟ್ಟಿಯಾದ ಜಾಗದಲ್ಲಿ ಇಬ್ಬರು ಹುಡುಗರು ಪ್ಲಾಸ್ಟಿಕ್ ಹಾಳೆ ಎತ್ತಿ ಕಟ್ಟಿಕೊಂಡು, ನಡುವೆ ತೂತಿರುವ ತಟ್ಟೆ ಇಟ್ಟು, ಉಳಿಯಿಂದ ಅಂಗೈಯಗಲದ ಕುಳಿ ತೋಡುತ್ತಿದ್ದರು. ತೋಡಿದ ಮಣ್ಣಿನ ಒಂದು ಚೂರೂ ಚೆಲ್ಲದಂತೆ ಚೀಲಕ್ಕೆ ತುಂಬಿದರು. ಕುಳಿಯ ಮೇಲೆ ಡಬ್ಬಿಯೊಂದನ್ನು ಇಟ್ಟು ಒಳಗಿನ ಒಣ ಮರಳನ್ನು ಸುರಿಯಲು ಬಿಟ್ಟರು. ಚೀಲದಿಂದ ಒಂದಿಷ್ಟು ಮಣ್ಣನ್ನು ಕಬ್ಬಿಣದ ಫ್ಲಾಸ್ಕಿಗೆ ಹಾಕಿ, ಬೂದು ಪುಡಿ ಸೇರಿಸಿ, ಮುಚ್ಚಿ ಕುಲುಕಿದರು. ಫ್ಲಾಸ್ಕಿನ ತಳದಲ್ಲಿ ಗಡಿಯಾರದಂಥ ಮುಳ್ಳು ಏರಿತು. ಪುಡಿ ಯಾವುದು ಎಂದರೆ ಕಾರ್ಬೈಡ್, ಮಾವಿನಕಾಯಿಯನ್ನು ಕದ್ದು ಹಣ್ಣು ಮಾಡುತ್ತಾರಲ್ಲ, ಅದೇ. ಮಣ್ಣಿನಲ್ಲಿರುವ ನೀರು ತಗುಲಿ ಅನಿಲ ಹುಟ್ಟುತ್ತದೆ, ಅನಿಲದ ಒತ್ತಡ ನೋಡಿ ಮಣ್ಣಿನಲ್ಲಿ ಎಷ್ಟು ನೀರಿದೆ ಎಂದು ಹೇಳುತ್ತಾರೆ.

ಚಿಕ್ಕಪ್ಪ ಕೊಡೆಯನ್ನು ನನ್ನ ಕೈಗೆ ತುರುಕಿ ಕುಕ್ಕರಗಾಲಿನಲ್ಲಿ ಕೂತರು. "ಮರಳು ಯಾಕೆ ಹೇಳಿ, ಕುಳಿಯ ಗಾತ್ರ ಕಂಡುಹಿಡಿಯಲು, ಅಲ್ಲವೇ?" ಹುಡುಗ ತಲೆಯಾಡಿಸಿದ. ಕುಳಿಗೆ ಹಿಡಿದ ಮರಳು 1,740 ಗ್ರಾಂ. ಒಂದು ಘನ ಸೆಂಟಿಮೀಟರಿಗೆ ಆ ಮರಳು ತೂಗುವುದು 1.45 ಗ್ರಾಂ. "ಹಾಗಾದರೆ ಕುಳಿ 1,200 ಘನ ಸೆಂಟಿಮೀಟರ್" ಎಂದರು ಚಿಕ್ಕಪ್ಪ, ಹುಡುಗ ಮೊಬೈಲ್ ತೆಗೆಯುವ ಮೊದಲೇ. ತೋಡಿದ ಹಸಿ ಮಣ್ಣು 2,400 ಗ್ರಾಂ, ಅಂದರೆ ಸಾಂದ್ರತೆ 2. ಒಣ ಮಣ್ಣಿನ ತೂಕಕ್ಕೆ ಹೋಲಿಸಿದರೆ ತೇವ ಶೇಕಡಾ 14. ಅದನ್ನು ಕಳೆದರೆ ಒಣ ಸಾಂದ್ರತೆ 1.75. ಪ್ರಯೋಗಾಲಯದಲ್ಲಿ ಇದೇ ಮಣ್ಣನ್ನು ಬಡಿದು ನೋಡಿದಾಗ ಸಿಕ್ಕ ಗರಿಷ್ಠ 1.83.

"ನೂರಕ್ಕೆ 96!"

"97 ಬೇಕು ಸರ್" ಎಂದ ಹುಡುಗ. ಡಾಂಬರಿನ ಪದರಗಳ ಕೆಳಗಿನ ಅರ್ಧ ಮೀಟರ್ ಮಣ್ಣಿಗೆ 97, ಅದಕ್ಕೂ ಕೆಳಗಿನ ಏರಿಗೆ 95 ಇದ್ದರೆ ಸಾಕಂತೆ. ಕುಷ್ಟಗಿಯವನಿಗೆ ಕೈಸನ್ನೆ ಹೋಯಿತು. ಅವನು ಮತ್ತೆ ರೋಲರ್ ಹತ್ತಿದ. ಒಂದು ಅಂಕಕ್ಕೆ ಫೇಲಾದ ರಸ್ತೆಯನ್ನು ಚಿಕ್ಕಪ್ಪ ಎಷ್ಟು ಮಮತೆಯಿಂದ ನೋಡಿದರೆಂದರೆ, ಅವರ ಕೈಯಲ್ಲಿ ಮೂವತ್ತನಾಲ್ಕು ಅಂಕ ತೆಗೆದುಕೊಂಡಿದ್ದ ನನಗೆ ಹೊಟ್ಟೆಯುರಿಯಿತು.

ಬಾವುಟದ ಹುಡುಗ ದಾರಿ ಬಿಟ್ಟ ಮೇಲೂ ನಾವು ಹೊರಡಲಿಲ್ಲ. ತುಂಡು ತುಂಡು ಕೆಲಸ ಯಾಕೆಂದೂ ಕೇಳಬೇಕಿತ್ತಲ್ಲ. ಈ ದಾರಿಯ ಮಗ್ಗುಲಿಗೇ ಶೆಟ್ಟಿಹಳ್ಳಿ ವನ್ಯಜೀವಿ ಅಭಯಾರಣ್ಯವಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕು. ಮರ ಕಡಿಯಲು ಬೇರೆ ಅನುಮತಿ, ತೋಟದವರ ಜಾಗಕ್ಕೆ ಬೇರೆ ಪರಿಹಾರ. ಎಲ್ಲಿ ಜಾಗ ಕೈಗೆ ಬಂತೋ ಅಲ್ಲಿ ಕೆಲಸ. ಸೇತುವೆಯದು ಇನ್ನೂ ಸರಳ: ಕಾಂಕ್ರೀಟ್ ಪೂರ್ತಿ ಬಲ ಪಡೆಯಲು 28 ದಿನ ಎಂಬ ಲೆಕ್ಕವಿದೆ, ಆದ್ದರಿಂದ ಅದನ್ನು ಮೊದಲೇ ಕಟ್ಟಿಬಿಡುತ್ತಾರೆ. ಎರಡೂ ಬದಿಯ ಏರಿಯನ್ನು ಗೇಣು ಗೇಣಾಗಿ ಆಮೇಲೆ ಎಬ್ಬಿಸುತ್ತಾರೆ.

ಕುಷ್ಟಗಿಯವನಿಗೆ ಮಲೆನಾಡಿನ ಮಣ್ಣೆಂದರೆ ಮಾತ್ರ ಆಗದು. ಮೇಲೆ ಜಂಬಿಟ್ಟಿಗೆ, ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದರ ಅಡಿಯಲ್ಲಿ ಸಿಗುವ ಶೇಡಿ ಮಣ್ಣು ಬೇಸಿಗೆಯಲ್ಲಿ ಸಾಧು, ನೀರು ಕುಡಿದರೆ ಕುಸಿಯುತ್ತದೆ. "ನಮ್ಮ ಕಡೆ ಎರೆ ಮಣ್ಣು ಕೆಟ್ಟದ್ದೇ, ಆದರೆ ಮುಚ್ಚುಮರೆಯಿಲ್ಲ. ಇದು ಮೋಸದ ಮಣ್ಣು" ಎಂದ.

ತೀರ್ಥಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟದಲ್ಲಿ ಗೋಬಿ ಮಂಚೂರಿ ಬಡಿಸಿದರು, ಅದರ ಬಗ್ಗೆ ಇಷ್ಟು ಸಾಕು. ಮರುದಿನ ಬೆಳಗ್ಗೆ ಸಿಕ್ಕ ಕೊಟ್ಟೆ ಕಡುಬು ಮತ್ತು ಅಪ್ಪೆಮಿಡಿ ಆ ಪಾಪವನ್ನು ತೊಳೆದವು.

ಸಂಜೆಗೆ ಆಗುಂಬೆ. ಸೂರ್ಯಾಸ್ತದ ಕಟ್ಟೆಯ ಮೇಲೆ ಮೊಬೈಲ್‌ಗಳ ಕಾಡು, ಮೋಡದಲ್ಲಿ ಸೂರ್ಯ ಕಾಣಲೇ ಇಲ್ಲ. ನನಗೆ ಕೆಳಗೆ ಹೆಬ್ರಿ ಕಡೆಗೆ ಇಳಿಯುವ ಹದಿನಾಲ್ಕು ತಿರುವುಗಳೇ ಹೆಚ್ಚು ಇಷ್ಟ. ಮಳೆಗಾಲದಲ್ಲಿ ಭಾರಿ ವಾಹನಗಳನ್ನು ಇಲ್ಲಿ ತಡೆದು ಹುಲಿಕಲ್ ಘಾಟಿಗೆ ಕಳಿಸುತ್ತಾರೆ, ಆ ಭಾರಕ್ಕೆ ಹುಲಿಕಲ್ ರಸ್ತೆ ಹಾಳಾಗುತ್ತದೆ, ಆಮೇಲೆ ಅದರ ದುರಸ್ತಿ.

ತೀರ್ಥಹಳ್ಳಿಗೆ ಮರಳುವಾಗ ಕತ್ತಲಾಗಿತ್ತು. ಒಳ್ಳೆಯ ಡಾಂಬರು, ಗುಂಡಿಯಿಲ್ಲ. ಧಡ್ ಎಂದು ಕಾರಿನ ಮೂತಿ ಕೆಳಗಿಳಿಯಿತು. ರಸ್ತೆಗೆ ಅಡ್ಡಲಾಗಿ ಪೈಪಿಗಾಗಿ ಅಗೆದು, ಮಣ್ಣು ತುಂಬಿ ಬಿಟ್ಟಿದ್ದರು. ಫಲಕವಿಲ್ಲ, ಕಲ್ಲಿಗೆ ಸುಣ್ಣ ಬಳಿದೂ ಇಟ್ಟಿರಲಿಲ್ಲ. ಟಯರಿನ ಪಕ್ಕೆ ಸೀಳಿ, ರಿಮ್ಮಿನ ಅಂಚು ಬಾಗಿತ್ತು. ಆ ಹೊತ್ತಿನಲ್ಲಿ ಪಂಕ್ಚರ್ ಅಂಗಡಿ ಎಲ್ಲಿಂದ ಬರಬೇಕು? ಈ ಕಡೆ ಹೋಗುವವರು ಸ್ಟೆಪ್ನಿಯ ಗಾಳಿಯನ್ನು ಶಿವಮೊಗ್ಗದಲ್ಲೇ ನೋಡಿಸಿಕೊಳ್ಳಿ, ಜ್ಯಾಕ್ ಕೆಳಗೆ ಇಡಲು ಒಂದು ಹಲಗೆ ತುಂಡು ಒಯ್ಯಿರಿ. ಮಣ್ಣಿನಲ್ಲಿ ಜ್ಯಾಕ್ ಹೂತು ಹೋಗುತ್ತದೆ, ನಮ್ಮದು ಹೋಯಿತು. ಕತ್ತಲಾದ ಮೇಲೆ ನುಣುಪಾದ ರಸ್ತೆಯನ್ನು ನಂಬಬೇಡಿ.

ನಾನು ಚಕ್ರದ ಜೊತೆ ಗುದ್ದಾಡುತ್ತಿದ್ದಾಗ ಚಿಕ್ಕಪ್ಪ ಟಾರ್ಚ್ ಹಿಡಿದು ಕೊಡೆಯ ತುದಿಯನ್ನು ಆ ಮಣ್ಣಿಗೆ ಚುಚ್ಚಿದರು. ಅದು ಹಿಡಿಯವರೆಗೂ ಇಳಿಯಿತು. "ನೂರಕ್ಕೆ ಐವತ್ತೂ ಇಲ್ಲ" ಎಂದರು.

ಮರುದಿನ ತೀರ್ಥಹಳ್ಳಿಯಲ್ಲಿ ಎರಡು ಕಚೇರಿ ಹತ್ತಿಳಿದೆವು. ರಸ್ತೆಯವರು ಅಗೆತ ತಮ್ಮದಲ್ಲ ಎಂದರು. ಪೈಪಿನವರು, ಪೈಪ್ ತಮ್ಮದು ನಿಜ, ಮುಚ್ಚುವುದು ರಸ್ತೆಯವರಿಗೆ ಸೇರಿದ್ದು ಎಂದರು. ಚಿಕ್ಕಪ್ಪ ಇಬ್ಬರಿಗೂ ಮರಳಿನ ಲೆಕ್ಕ ಬಿಡಿಸಿ ತೋರಿಸಿದರು. ಅರ್ಜಿಯನ್ನು ಕನ್ನಡದಲ್ಲಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದಾರೆ. ಬರುವ ಮಂಗಳವಾರ ಉತ್ತರ ಕೇಳಲು ಮತ್ತೆ ಹೋಗುವರಂತೆ, ಈ ಸಲ ಬಸ್ಸಿನಲ್ಲಿ.