ಸೋಷಿಯಲ್ ಮೇಷ್ಟ್ರಾಗೋ ಮೊದಲು ಏನು ಮಾಡ್ತಿದ್ರಿ?

ಬಸ್ಸಿನಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಕೇಳುತ್ತಾರೆ. ಚುನಾವಣೆ ಡ್ಯೂಟಿಯ ಟ್ರೈನಿಂಗಿನಲ್ಲಿ ಪಕ್ಕದ ಕುರ್ಚಿಯವರೂ ಕೇಳುತ್ತಾರೆ. ನಾನು ಬಾಲಕರ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ ಅಂದರೆ ಸಾಕು, "ಓ, ಸೋಷಿಯಲ್ಲಾ? ಅದಕ್ಕೆ ಮೊದಲು ಏನು ಮಾಡ್ತಿದ್ರಿ?" ಅನ್ನುತ್ತಾರೆ. ಯಾರೂ ಹುಟ್ಟಾ ಸೋಷಿಯಲ್ ಮೇಷ್ಟ್ರಾಗೋಕೆ ಸಾಧ್ಯವೇ ಇಲ್ಲ, ಎಲ್ಲೋ ಜಾರಿ ಬಿದ್ದೇ ಇಲ್ಲಿಗೆ ಬಂದಿರಬೇಕು ಅನ್ನೋ ಧಾಟಿ.

ನಮ್ಮ ಗಣಿತದ ಮೇಷ್ಟ್ರನ್ನು ಯಾರೂ ಹೀಗೆ ಕೇಳಿದ್ದು ನಾನು ನೋಡಿಲ್ಲ. ಅವರನ್ನು ಕೇಳುವುದು, "ಸರ್, ಟ್ಯೂಷನ್ ತಗೋತೀರಾ?"

ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ.

ಬಿಎಯಲ್ಲಿ ಎಚ್‌ಇಪಿ ಓದಿದೆ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ಆಮೇಲೆ ಲಾ ಓದಿದೆ. ಸೀನಿಯರ್ ವಕೀಲರೊಬ್ಬರ ಆಫೀಸಿನಲ್ಲಿ ಕೂತು ಅಫಿಡವಿಟ್ ಬರೆದೆ, ವಾಯಿದೆ ತಗೊಂಡೆ, ಫೈಲು ಹೊತ್ತೆ. ಆಮೇಲೆ ಬಿಎಡ್ ಮಾಡಿ ಇಲ್ಲಿಗೆ ಬಂದೆ. ಆಗ ಬಿಎಡ್ ಒಂದೇ ವರ್ಷ. 2015ರಿಂದ ಅದು ಎರಡು ವರ್ಷ ಆಗಿದೆ. ಇಷ್ಟೇ ಉತ್ತರ.

ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. "ಪ್ರಾಕ್ಟೀಸ್ ಕೈ ಹಿಡೀಲಿಲ್ವಾ?" ಅಂತ ಮುಂದಿನ ಪ್ರಶ್ನೆ. ಕೈ ಹಿಡಿದಿತ್ತು ಸ್ವಾಮಿ, ನಾನೇ ಬಿಡಿಸಿಕೊಂಡೆ. ಇದನ್ನು ಹೇಳಿದರೆ ಎದುರಿನವರ ಮುಖದಲ್ಲಿ ಒಂದು ಕರುಣೆ ಮೂಡುತ್ತದೆ, ಪಾಪ, ಹಾಗಂದುಕೊಂಡಿದ್ದಾನೆ ಅನ್ನೋ ಥರ. ಇನ್ನು ಕೆಲವರು ಅಷ್ಟೂ ಕಾಯುವುದಿಲ್ಲ. "ಕೆಎಎಸ್ ಟ್ರೈ ಮಾಡಿದ್ರಾ?" ಅಂತ ನೇರ ಬರುತ್ತಾರೆ. ಕೆಎಎಸ್ ಬರೆದು ಸಿಗದೆ ಶಾಲೆಗೆ ಬಂದವರು ಇದ್ದಾರೆ, ಇಲ್ಲ ಅನ್ನಲ್ಲ. ಅವರಲ್ಲಿ ಒಳ್ಳೆ ಮೇಷ್ಟ್ರೂ ಇದ್ದಾರೆ. ಸಂವಿಧಾನದ ಪಾಠವನ್ನು ಅವರಷ್ಟು ಚೆನ್ನಾಗಿ ಮಾಡುವವರು ಕಡಿಮೆ. ಪರೀಕ್ಷೆಗೆ ಅಂತ ಅಷ್ಟು ಸಲ ಓದಿರುತ್ತಾರಲ್ಲ.

ಹಿನ್ನೆಲೆ ಕೇಳುವವರಿಗೆ ನಿಜವಾಗಿ ಚಿಂತೆ ಆಗಬೇಕಾದ ವಿಷಯ ಬೇರೆ ಇದೆ. ಶಿಕ್ಷಕರ ಕೋಣೆಯಲ್ಲಿ ನಮ್ಮನ್ನು ಪಿಸಿಎಂ, ಸಿಬಿಝಡ್, ಆರ್ಟ್ಸ್ ಅಂತ ಗುರುತಿಸುತ್ತಾರೆ. ಪಿಸಿಎಂನವರು ಗಣಿತ, ಭೌತಶಾಸ್ತ್ರ ನೋಡಿಕೊಳ್ಳುತ್ತಾರೆ. ಸಿಬಿಝಡ್‌ನವರು ಜೀವಶಾಸ್ತ್ರ. ಆರ್ಟ್ಸ್ ಅಂದರೆ ನಾನೊಬ್ಬ. ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಆರು ವಿಷಯ ಇವೆ. ಡಿಗ್ರಿಯಲ್ಲಿ ನಾನು ಓದಿದ್ದು ಮೂರು. ಉಳಿದ ಮೂರನ್ನು ಕಲಿಸುತ್ತಾ ಕಲಿತೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಈ ಆರೂ ಸೇರಿ 100. ಕನ್ನಡಕ್ಕೊಂದಕ್ಕೇ 125.

ಭೂಗೋಳವನ್ನೇ ನೋಡಿ. ಪರೀಕ್ಷೆಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸಬೇಕು. ಅಚ್ಚು ಹಾಕಿದ ನಕ್ಷೆ ಕೊಡುವುದಿಲ್ಲ, ಕೈಯಲ್ಲೇ ಬರೆಯಬೇಕು. ಹುಡುಗರು ಗುಜರಾತಿನ ಮೂಗನ್ನು ಬಹಳ ಪ್ರೀತಿಯಿಂದ ಬರೆಯುತ್ತಾರೆ. ದಕ್ಷಿಣಕ್ಕೆ ಬಂದು ಕನ್ಯಾಕುಮಾರಿಯನ್ನು ಸೂಜಿ ಥರ ಚೂಪು ಮಾಡುತ್ತಾರೆ. ಬಲಗಡೆ ಹತ್ತುವಾಗ ಹಾಳೆ ಮುಗಿದಿರುತ್ತದೆ. ಅರುಣಾಚಲ, ನಾಗಾಲ್ಯಾಂಡ್, ಮಣಿಪುರ ಎಲ್ಲ ಸೇರಿ ಒಂದು ಸಣ್ಣ ಗಂಟು. 82½° ಪೂರ್ವ ರೇಖಾಂಶ ಎಳೆಯೋ ಅಂದರೆ ಅದು ಸೀದಾ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಮೊದಲು ಹಾಳೆಯ ನಡುವೆ ಒಂದು ಗೆರೆ ಎಳೆದುಕೊಳ್ಳಿ, ಅದನ್ನೇ ರೇಖಾಂಶ ಮಾಡಿಕೊಳ್ಳಿ, ಆಮೇಲೆ ಅದರ ಸುತ್ತ ದೇಶ ಬರೆಯಿರಿ ಅಂತ ನಾನು ಹೇಳಿಕೊಡುತ್ತೇನೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಿಲ್ಲ. ನಕ್ಷೆಗಳನ್ನು ತಿದ್ದಿ ತಿದ್ದಿ ಹೊಳೆದದ್ದು.

ಇನ್ನು ನನ್ನ ಜೊತೆಯವರು. ನಮ್ಮ ಹಿಂದಿ ಮೇಷ್ಟ್ರು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಹಗಲು ಥಾನು ಬಿಚ್ಚುವುದು, ರಾತ್ರಿ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭಾದ ಪರೀಕ್ಷೆಗೆ ಓದುವುದು. ಸಭಾ ಶುರುವಾದದ್ದು 1918ರಲ್ಲಿ, ಮದ್ರಾಸಿನಲ್ಲಿ, ಗಾಂಧೀಜಿ ಮುತುವರ್ಜಿಯಿಂದ. ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ, ಪ್ರವೀಣ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಅವರು ಮೇಷ್ಟ್ರಾದರು. "ಹಿಂದಿ ಕಲಿಯೋಕೆ ಉತ್ತರದ ಕಡೆ ಹೋಗಿದ್ರಾ?" ಅಂತ ಅವರನ್ನು ಕೇಳುತ್ತಾರೆ. ಅವರು ಇವತ್ತಿನವರೆಗೂ ವಿಂಧ್ಯ ದಾಟಿಲ್ಲ. ವ್ಯಾಕರಣದಲ್ಲಿ ಮಾತ್ರ ಅವರನ್ನು ಅಲ್ಲಾಡಿಸೋಕೆ ಆಗಲ್ಲ.

ಕನ್ನಡ ಮೇಡಂಗೆ ಈ ಪ್ರಶ್ನೆಯ ಕಾಟವೇ ಇಲ್ಲ. ಅವರಿಗೆ ಬೇರೆ ಕಾಟ. "ಇಷ್ಟೊಂದು ಗಂಡು ಹುಡುಗರನ್ನ ಹೇಗೆ ಸುಧಾರಿಸ್ತೀರಿ ಮೇಡಂ?" ಅವರು ಎಂಎ ಜೊತೆಗೆ ಶಾಸನಶಾಸ್ತ್ರ ಓದಿದವರು, ಹಳೆಯ ಲಿಪಿಯನ್ನು ಸಲೀಸಾಗಿ ಓದುವವರು ಅನ್ನುವುದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಹುಡುಗರನ್ನು ಅವರು ಸುಧಾರಿಸುವುದೇ ಅದರಿಂದ. ಹಳಗನ್ನಡದ ಪಾಠಕ್ಕೆ ಹುಡುಗರು ಆಕಳಿಸಲು ಶುರು ಮಾಡಿದರೆ ಆತಕೂರಿನ ವೀರಗಲ್ಲಿನ ಕಥೆ ತೆಗೆಯುತ್ತಾರೆ. 949ರ ತಕ್ಕೋಲಂ ಯುದ್ಧ. ಚೋಳರ ಮೇಲೆ ರಾಷ್ಟ್ರಕೂಟರು ಮತ್ತು ಗಂಗರು ಗೆದ್ದರು. ಅದರಲ್ಲಿ ಪರಾಕ್ರಮ ತೋರಿಸಿದ ಮಣಲೇರ ಅನ್ನೋ ವೀರನಿಗೆ ಏನು ಬೇಕು ಕೇಳು ಅಂದರು. ಅವನು ಕಾಳಿ ಅನ್ನೋ ನಾಯಿಯನ್ನು ಕೇಳಿದ. ಆಮೇಲೆ ಆ ನಾಯಿ ಒಂದು ಕಾಡುಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿ ಮತ್ತು ಹಂದಿ ಎದುರುಬದುರು ನಿಂತ ಚಿತ್ರ ಇರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟು ಹೇಳಿ ಮೇಡಂ ಶಾಸನದ ಸಾಲನ್ನು ಬೋರ್ಡಿನ ಮೇಲೆ ಬರೆದರೆ, ಹಿಂದಿನ ಬೆಂಚಿನವರೂ ನಾಯಿಯ ಹೆಸರು ಎಲ್ಲಿದೆ ಅಂತ ಹುಡುಕುತ್ತಾರೆ. ಹಳಗನ್ನಡ ತಾನಾಗಿ ಒಳಗೆ ಹೋಗುತ್ತದೆ.

ಇಂಗ್ಲಿಷ್ ಬಗ್ಗೆ ಆಮೇಲೆ ಹೇಳುತ್ತೇನೆ.

ವಕೀಲಿಕೆ ವ್ಯರ್ಥ ಆಯ್ತಲ್ಲ ಅನ್ನುವವರಿಗೆ ಒಂದು ಮಾತು. ಒಂದು ಸಲ ಒಂಬತ್ತನೇ ಕ್ಲಾಸಿನಲ್ಲಿ ಹೊಡೆದಾಟ ಆಗಿ ಬೆಂಚಿನ ಕಾಲು ಮುರಿಯಿತು. ಗಂಡು ಹುಡುಗರ ಶಾಲೆಯಲ್ಲಿ ಇದು ದೊಡ್ಡ ಸುದ್ದಿ ಏನಲ್ಲ. ನೋಡಿದವರು ನಾಲ್ಕು ಜನ ಬೇರೆ ಬೇರೆ ಕೂತು ನಡೆದದ್ದನ್ನು ಬರೆದು ಕೊಡಿ ಅಂದೆ. ಒಬ್ಬ ತನ್ನ ಗೆಳೆಯನ ಹೆಸರನ್ನೇ ಬಿಟ್ಟಿದ್ದ. ಇನ್ನೊಬ್ಬ ಬೆಂಚು ಮೊದಲೇ ಮುರಿದಿತ್ತು ಅಂತ ಬರೆದಿದ್ದ. ಮೂರನೆಯವನು ಬರೆದದ್ದೆಲ್ಲ ಎರಡನೆಯವನದೇ ಮಾತು. ನಾಲ್ಕನೆಯವನು "ನಾನು ಆಗ ಅಲ್ಲಿರಲಿಲ್ಲ" ಅಂತ ಶುರು ಮಾಡಿ ಯಾರು ಯಾರ ಕಾಲರ್ ಹಿಡಿದರು ಅನ್ನುವವರೆಗೆ ಒಂದೂವರೆ ಪುಟ ಬರೆದಿದ್ದ. ಹೆಸರು ಅಳಿಸಿ ನಾಲ್ಕನ್ನೂ ಕ್ಲಾಸಿನಲ್ಲಿ ಓದಿದೆ. ಇದನ್ನು ಬರೆದವನು ಯಾರ ಕಡೆಯವನು? ಯಾಕೆ ಬರೆದ? ಎಲ್ಲಿ ಜಾರಿಕೊಂಡ? ಹುಡುಗರು ಪಾಟೀಸವಾಲು ಮಾಡಿದರು ನೋಡಿ, ನಮ್ಮ ಸೀನಿಯರ್ ಇದ್ದಿದ್ದರೆ ಅಲ್ಲೇ ಇಬ್ಬರನ್ನು ಆಫೀಸಿಗೆ ಸೇರಿಸಿಕೊಳ್ಳುತ್ತಿದ್ದರು.

ಅವರು ಹತ್ತನೇ ಕ್ಲಾಸಿಗೆ ಬಂದಾಗ ಹಲಗಲಿ ಬೇಡರ ಪಾಠ ಬಂತು. 1857ರಲ್ಲಿ ಬ್ರಿಟಿಷರು ಆಯುಧ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕು ಅಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡಲ್ಲ ಅಂತ ನಿಂತರು. ಸೈನ್ಯ ಬಂದು ಊರು ಸುಟ್ಟಿತು. ಇದನ್ನು ಬ್ರಿಟಿಷರ ಕಡೆಯವರು ದಂಗೆ ಅಂತ ಬರೆದರು. ಜನ ಲಾವಣಿ ಕಟ್ಟಿ ಹಾಡಿದರು. ತಮಾಷೆ ಅಂದರೆ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್, ಅವನೂ ಬ್ರಿಟಿಷ್ ಅಧಿಕಾರಿಯೇ. ಈಗ ಹೇಳಿ, ಇದು ಯಾರ ಸಾಕ್ಷಿ? ಬೆಂಚಿನ ಕೇಸು ನಡೆಸಿದ ಹುಡುಗರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಲೇ ಇಲ್ಲ.

ಅದೇ ವರ್ಷದ ಪೋಷಕರ ಸಭೆ ನನ್ನ ತಲೆಯಿಂದ ಹೋಗುವುದೇ ಇಲ್ಲ. ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಅರ್ಧವಾರ್ಷಿಕದಲ್ಲಿ ಗಣಿತಕ್ಕೆ 38, ನನ್ನ ವಿಷಯಕ್ಕೆ 91. ತಂದೆ ಕೂತವರೇ, "ಸರ್, ನಿಮ್ಮ ಬ್ಯಾಕ್‌ಗ್ರೌಂಡ್ ಏನು?" ಅಂದರು. ಹೇಳಿದೆ. "ಅಂದ್ರೆ ಲಾಯರ್ ಆಗಿದ್ದೋರು ಇದಕ್ಕೆ ಬಂದ್ರಾ?" ಅಂತ ಮಗನ ಕಡೆ ನೋಡಿದರು. ನೋಡು, ಸೋಷಿಯಲ್ ಓದಿದರೆ ಹೀಗಾಗುತ್ತೆ ಅನ್ನೋ ನೋಟ. ಆಮೇಲೆ, "ಸೋಷಿಯಲ್ ಬಿಡಿ ಸರ್, ಹಿಂದಿನ ದಿನ ರಾತ್ರಿ ಕೂತು ಓದಿದ್ರೆ ಬರುತ್ತೆ. ಮ್ಯಾಥ್ಸ್‌ಗೆ ಏನು ಮಾಡೋದು ಹೇಳಿ" ಅಂದರು.

ನಾನು ಹುಡುಗನ ಉತ್ತರ ಪತ್ರಿಕೆ ತೆಗೆದೆ. ಹಲಗಲಿಯ ಉತ್ತರದ ಪಕ್ಕದಲ್ಲಿ, ಮಾರ್ಜಿನ್ನಿನಲ್ಲಿ, ಅವನು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದ: "ಆಯುಧ ಕೊಟ್ಟರೆ ಬೇಟೆ ಹೇಗೆ? ಅವರು ಏನು ತಿನ್ನಬೇಕಿತ್ತು ಸರ್?" ಪುಸ್ತಕದಲ್ಲಿ ಸ್ವಾತಂತ್ರ್ಯ, ಹೋರಾಟ ಎಲ್ಲ ಇದೆ. ಊಟದ ಪ್ರಶ್ನೆ ಎತ್ತಿದ್ದು ಇವನು. ಅದನ್ನು ತಂದೆಗೆ ತೋರಿಸಿದೆ. ಅವರು ಎರಡು ಸಲ ಓದಿದರು.

"ಇದಕ್ಕೆ ಮಾರ್ಕ್ಸ್ ಇದೆಯಾ ಸರ್?"

ಇಲ್ಲ ಅಂದೆ. ಪತ್ರಿಕೆ ಮಡಚಿ ವಾಪಸ್ ಕೊಟ್ಟರು.

ಇಂಥ ಹೊತ್ತಿನಲ್ಲಿ ನಮ್ಮವರು ಒಂದು ಅಸ್ತ್ರ ತೆಗೆಯುತ್ತಾರೆ. ಧಾರವಾಡದ ಶಂಬಾ ಜೋಶಿ ಯಾರು ಗೊತ್ತಾ? ಡಿಗ್ರಿ ಇಲ್ಲದ ಹೈಸ್ಕೂಲು ಮೇಷ್ಟ್ರು. ವಿದ್ಯಾರಣ್ಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡು ಕರ್ನಾಟಕದ ಸಂಸ್ಕೃತಿಯ ಬೇರು ಅಗೆದವರು, 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಸು. ರಂ. ಎಕ್ಕುಂಡಿ? ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮೇಷ್ಟ್ರು, 1992ರಲ್ಲಿ ಅದೇ ಪ್ರಶಸ್ತಿ. ಬೇಂದ್ರೆಯವರು ಕೂಡ ಹೈಸ್ಕೂಲಿನಲ್ಲಿ ಪಾಠ ಮಾಡಿದವರೇ. ಇದೆಲ್ಲ ನಿಜ. ಆದರೆ ಅವರ ಹೆಸರು ಹೇಳಿ ನಾವು ಮರ್ಯಾದೆ ಗಿಟ್ಟಿಸುವುದು ನನಗೆ ಸರಿ ಕಾಣಲ್ಲ. ನಾನು ಕವಿಯೂ ಅಲ್ಲ, ಸಂಶೋಧಕನೂ ಅಲ್ಲ. ದಿನಾ ಆರು ವಿಷಯ ಕಲಿಸುವ ಮೇಷ್ಟ್ರು. ಅಷ್ಟಕ್ಕೆ ಮರ್ಯಾದೆ ಸಿಗಬೇಕು, ಅಲ್ವಾ?

ಆ ತಂದೆ ಕೇಳಬೇಕಿದ್ದ ಪ್ರಶ್ನೆ ಒಂದಿತ್ತು. "ಇವನಿಗೆ ಇದರಲ್ಲಿ ಮುಂದೆ ದಾರಿ ಇದೆಯಾ ಸರ್?" ಕೇಳಿದ್ದರೆ ಅರ್ಧ ಗಂಟೆ ಕೂರಿಸಿಕೊಂಡು ಹೇಳುತ್ತಿದ್ದೆ. ಪಿಯುಸಿ ಮುಗಿಸಿ ನೇರ ಐದು ವರ್ಷದ ಲಾಗೆ ಸೇರಬಹುದು. ಪುರಾತತ್ವ ಓದಬಹುದು. ಪತ್ರಿಕೆ ಕೆಲಸ ಇದೆ. ಆಡಳಿತದ ಪರೀಕ್ಷೆಗಳಿವೆ. ಎಂಎ, ಬಿಎಡ್ ಮಾಡಿ ಮೇಷ್ಟ್ರೂ ಆಗಬಹುದು, ಅದೇನು ಶಾಪ ಅಲ್ಲ. ಅವರು ಕೇಳಲಿಲ್ಲ. ಹುಡುಗ ಈಗ ಸೈನ್ಸ್ ಓದುತ್ತಿದ್ದಾನೆ. ಓದಲಿ, ಇಷ್ಟಪಟ್ಟು ಓದಿದರೆ ಚೆನ್ನಾಗೇ ಆಗುತ್ತಾನೆ. ಆ ವರ್ಷ ನಮ್ಮಲ್ಲಿ ಆರ್ಟ್ಸ್ ತಗೊಂಡವರೆಲ್ಲ ಕಡಿಮೆ ಅಂಕದವರು. "ನಿಂಗೆ ಆರ್ಟ್ಸೇ ಗತಿ" ಅಂತ ಮನೆಯಲ್ಲಿ, ಬೀದಿಯಲ್ಲಿ, ನಮ್ಮ ಶಿಕ್ಷಕರ ಕೋಣೆಯಲ್ಲೂ ಹೇಳಿಸಿಕೊಂಡು ಹೋದವರು. ಹುಡುಗರಿಗೆ ಇದನ್ನು ಹೇಳುವಷ್ಟು ಜೋರಾಗಿ ಹುಡುಗಿಯರಿಗೆ ಹೇಳುವುದಿಲ್ಲ ಅಂತ ಪಕ್ಕದ ಬಾಲಿಕೆಯರ ಶಾಲೆಯ ಗೆಳತಿ ಹೇಳುತ್ತಾರೆ. ಗಂಡು ಮಗ ಇತಿಹಾಸ ಓದುತ್ತೀನಿ ಅಂದರೆ ಮನೆಯಲ್ಲಿ ಸಾವಿನ ಸೂತಕ.

ಈಗ ಇಂಗ್ಲಿಷ್. ನಮ್ಮಲ್ಲಿ ಇಂಗ್ಲಿಷ್ ಹುದ್ದೆ ಖಾಲಿ ಬಿದ್ದು ಕಾಲ ಆಯ್ತು. ಹೋದ ವರ್ಷ ಅತಿಥಿ ಶಿಕ್ಷಕಿಯೊಬ್ಬರು ಬಂದಿದ್ದರು. ಎಂಎ, ಬಿಎಡ್ ಎರಡೂ ಆಗಿತ್ತು. ಹುಡುಗರಿಂದ ಇಂಗ್ಲಿಷಿನಲ್ಲಿ ಜಗಳ ಆಡಿಸುತ್ತಿದ್ದರು, ನಿಜವಾದ ಜಗಳ, ಕ್ರಿಕೆಟ್ ಟೀಮಿಗೆ ಯಾರು ಬೇಕು ಅಂತ. ಬಾಯಿ ಬಿಡದವರೂ ಬಾಯಿ ಬಿಟ್ಟರು. ಗೌರವಧನ ತಡವಾಗಿ ಬರುತ್ತಿತ್ತು. ರಜೆಯಲ್ಲಿ ಅದೂ ಇಲ್ಲ. ಪರೀಕ್ಷೆ ಮುಗಿಯಿತು, ಅವರ ಅವಧಿಯೂ ಮುಗಿಯಿತು. ಈಗ ಒಂದು ಸಾಲದ ಕಂಪನಿಯಲ್ಲಿ ಕಂತು ಕಟ್ಟದವರಿಗೆ ಫೋನ್ ಮಾಡುವ ಕೆಲಸದಲ್ಲಿದ್ದಾರೆ. ಅವರಿಗೆ ಅಲ್ಲಿ ಯಾರಾದರೂ "ಮೊದಲು ಏನು ಮಾಡ್ತಿದ್ರಿ?" ಅಂತ ಕೇಳಿದರೆ ಆ ಪ್ರಶ್ನೆಗೆ ಅರ್ಥ ಇದೆ. ಹಿಂದಿ ಮೇಷ್ಟ್ರಿಗೂ ಮುಂದಿನ ವರ್ಷ 60, ನಿವೃತ್ತಿ. ಅವರ ಜಾಗಕ್ಕೆ ಯಾರು, ಎಷ್ಟು ತಿಂಗಳಿಗೆ ಅನ್ನುವುದನ್ನು ಪೋಷಕರ ಸಭೆಯಲ್ಲಿ ಯಾರೂ ಎತ್ತಿಲ್ಲ.

ಈ ವರ್ಷ ಜೂನ್ ಮುಗಿದರೂ ಇಂಗ್ಲಿಷಿಗೆ ಯಾರೂ ಬರಲಿಲ್ಲ. ಹತ್ತನೇ ಕ್ಲಾಸನ್ನು ಸುಮ್ನೆ ಕೂರಿಸೋಕೆ ಆಗುತ್ತಾ? ಹೆಡ್ ಮೇಷ್ಟ್ರು ನನ್ನ ಕಡೆ ನೋಡಿದರು. ಲಾ ಓದಿದ್ದೀರಲ್ಲ, ಇಂಗ್ಲಿಷ್ ಬರುತ್ತೆ ಅಂದರು. ಆರರ ಜೊತೆ ಏಳನೆಯದೂ ಸೇರಿತು. ಪದ್ಯ, ಗದ್ಯ ನಾನು ಇಟ್ಟುಕೊಂಡೆ. ಗ್ರಾಮರ್ ಮಾತ್ರ ಗಣಿತದ ಮೇಷ್ಟ್ರಿಗೆ ದಾಟಿಸಿದೆ. ಅವರನ್ನೂ ಯಾರಾದರೂ ಬ್ಯಾಕ್‌ಗ್ರೌಂಡ್ ಕೇಳಲಿ.